ಭಾವನ ರೈಲಿನ ಬಾಯ್ಲರು

ಇವತ್ತು ಬೆಳಿಗ್ಗೆ ಗ್ಯಾಸ್ ರಿಪೇರಿಗೆ ಬಂದವನು ಸಿಲಿಂಡರಿನ ಪೈಪಿಗೆ ಸೋಪಿನ ನೊರೆ ಬಳಿದು, ಎಲ್ಲಿ ಗುಳ್ಳೆ ಏಳುತ್ತದೆಂದು ಕುಕ್ಕರಗಾಲಿನಲ್ಲಿ ಕೂತು ನೋಡುತ್ತಿದ್ದ. ಆ ನೊರೆ ಕಂಡು ನನ್ನ ಮುಖ ಸಣ್ಣದಾಯಿತು. ಕಾರಣ ಹೇಳುತ್ತೇನೆ, ನಗಬೇಡಿ, ನಕ್ಕರೂ ತಪ್ಪಿಲ್ಲ.

ತೂಬಗೆರೆಯಲ್ಲಿರುವ ನನ್ನ ಭಾವ, ಅಂದರೆ ಅಕ್ಕನ ಗಂಡ, ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡಿ ನಿವೃತ್ತರಾದವರು. ಆಮೇಲೆ ಎರಡು ವರ್ಷ ಖಾಲಿ ಕೊಟ್ಟಿಗೆಯಲ್ಲಿ ಕೂತು ಮೊಳದುದ್ದದ ರೈಲು ಎಂಜಿನ್ ಮಾಡಿದರು. ತಾಮ್ರದ ಬಾಯ್ಲರು, ಅಂಗಿಯ ಗುಂಡಿಯಷ್ಟು ಪ್ರೆಷರ್ ಗೇಜು. ನಿಜವಾದ ಉಗಿಯಲ್ಲೇ ಓಡಬೇಕು. ಈ ವಯಸ್ಸಿನಲ್ಲಿ ಆಟದ ಸಾಮಾನು ಮಾಡುತ್ತ ಕೂತಿದ್ದಾರಲ್ಲ ಎಂದು ನನಗೆ ಅಸಡ್ಡೆ. ನಾನೋ ದೇವನಹಳ್ಳಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದವನು. ಮನೆಯಲ್ಲಿ ಬಲ್ಬು ಬದಲಿಸಿದ್ದೇ ನನ್ನ ದೊಡ್ಡ ರಿಪೇರಿ. ಇಂಥವರಿಗೇ ಅಸಡ್ಡೆ ಜಾಸ್ತಿ.

ನೆಂಟರೆಲ್ಲ ಸೇರಿದ ಒಂದು ಭಾನುವಾರ ಭಾವ ಬೆಂಕಿ ಹಚ್ಚಿದರು. ಗೇಜಿನ ಮುಳ್ಳು ಅರ್ಧದವರೆಗೆ ಏರಿತು, ನಡುಗಿತು, ಇಳಿಯಿತು. ಎಂಜಿನ್ ಹಳಿಯ ಮೇಲೆ ಎರಡು ಮಾರು ತೆವಳಿ ನಿಂತುಬಿಟ್ಟಿತು.

"ನಿಮ್ಮ ಬೆಸುಗೆ ಸರಿಯಿಲ್ಲ ಭಾವ. ಲೇತ್ ತಿರುಗಿಸೋದೇ ಬೇರೆ, ಬಾಯ್ಲರ್ ಮಾಡೋದೇ ಬೇರೆ," ಎಂದೆ, ಎಲ್ಲರಿಗೂ ಕೇಳುವಂತೆ. ಉಗಿಯ ಒತ್ತಡದ ಮೇಲೆ ಸಣ್ಣ ಉಪನ್ಯಾಸವನ್ನೂ ಕೊಟ್ಟೆ. ನೆಂಟರು ತಲೆದೂಗಿದರು, ಅವರಿಗೆ ಊಟದ ಹೊತ್ತಾಗಿತ್ತು.

ಭಾವ ಎಂಜಿನ್ನಿಗೆ ಗೋಣಿಚೀಲ ಹೊದಿಸಿದರು. ತಿಂಗಳಾದರೂ ತೆಗೆಯಲಿಲ್ಲ. ಕೊನೆಗೆ ಅಕ್ಕ ಫೋನ್ ಮಾಡಿದಳು. "ಲೋ, ಅದನ್ನ ಗುಜರಿಗೆ ಹಾಕ್ತೀನಿ ಅಂತಾವ್ರೆ. ಸರಿಯಾಗಿ ಊಟಾನೂ ಮಾಡ್ತಿಲ್ಲ. ಹಾಳು ಬಾಯಿ ನಿಂದು, ನೀನೇ ಬಾ."

ಹೋದೆ. ಸಮಾಧಾನ ಹೇಳಲು ಅಲ್ಲ, ನನ್ನ ತೀರ್ಪನ್ನು ಇನ್ನೊಮ್ಮೆ ವಿವರಿಸಲು. ಅಕ್ಕ ಅದಕ್ಕೆ ಅವಕಾಶ ಕೊಡಲಿಲ್ಲ. "ಮೊದ್ಲು ಎಲ್ಲಿ ಸೋರ್ತದೆ ನೋಡ್ರೀ, ಆಮೇಲೆ ಗುಜರಿ," ಎಂದು ಭಾವನನ್ನು ಎಬ್ಬಿಸಿ, ಬಟ್ಟಲಲ್ಲಿ ಸೋಪು ನೀರು ಕದಡಿದಳು. ತಣ್ಣಗಿದ್ದ ಬಾಯ್ಲರಿಗೆ ಭಾವ ಸೈಕಲ್ ಪಂಪಿನಿಂದ ಸ್ವಲ್ಪವೇ ಗಾಳಿ ಹೊಡೆದರು. ಅಕ್ಕ ಒಂದೊಂದು ಬೆಸುಗೆಗೂ ನೊರೆ ಹಚ್ಚಿದಳು. ಒಂದು ಗುಳ್ಳೆಯೂ ಏಳಲಿಲ್ಲ. ಉಳಿದದ್ದು ಸೇಫ್ಟಿ ವಾಲ್ವು. ಉಗಿ ಹೆಚ್ಚಾದರೆ ಹೊರಬಿಡುವ ಜಾಗವೇ ಅದು, ಅಲ್ಲಿ ಉಗಿ ಬರುವುದು ಸಹಜ ಎಂದು ಆವತ್ತು ಯಾರೂ ಅತ್ತ ನೋಡಿರಲಿಲ್ಲ. ನೊರೆ ತಾಗಿದ್ದೇ ತಡ, ಅಲ್ಲಿ ಗುಳ್ಳೆಗಳು ಬುಳುಬುಳು ಎದ್ದವು.

ಭಾವ ಬಿಚ್ಚಿದರು. ವಾಲ್ವಿನ ಬಾಯಿ ಮುಚ್ಚಬೇಕಾದ ಪುಟ್ಟ ಉಕ್ಕಿನ ಗುಂಡಿನ ಕೆಳಗೆ ಒಂದೆಳೆ ಹಳದಿ ನೂಲು ಸಿಕ್ಕಿಕೊಂಡಿತ್ತು.

ಆ ಭಾನುವಾರ ಎಲ್ಲರಿಗಿಂತ ಮುಂಚೆ ಬಂದು, ಫೋಟೋ ಚೆನ್ನಾಗಿ ಬರಲೆಂದು, ಕಾರು ಒರೆಸುವ ಹಳದಿ ಬಟ್ಟೆಯಲ್ಲಿ ಎಂಜಿನ್ ಉಜ್ಜಿದವನು ನಾನೇ. ಒಳಗೇನಿದೆ ನೋಡೋಣವೆಂದು ವಾಲ್ವು ಬಿಚ್ಚಿ, ಒರೆಸಿ, ಮತ್ತೆ ತಿರುಗಿಸಿದ್ದೆ. ಮಾಡೆಂದು ಯಾರೂ ಕೇಳಿರಲಿಲ್ಲ.

"ಏನೋ ಕಸ," ಎಂದೆ.

ಭಾವ ನೂಲನ್ನು ನೋಡಿದರು, ನನ್ನನ್ನು ನೋಡಿದರು, ಉಫ್ ಎಂದು ಊದಿದರು. ಆ ಸಂಜೆ ಎಂಜಿನ್ ಅಂಗಳದ ಹಳಿಯ ಮೇಲೆ ಹನ್ನೊಂದು ಸುತ್ತು ಹಾಕಿತು. ಅಕ್ಕ ಚಪ್ಪಾಳೆ ತಟ್ಟಿದಳು. ನಾಚಿಕೆಗೆಟ್ಟ ನಾನೂ ತಟ್ಟಿದೆ.

ಗ್ಯಾಸಿನವನು ಹೋದ ಮೇಲೆ ಫೋನ್ ಕೈಗೆತ್ತಿಕೊಂಡೆ. "ಭಾವ, ಆ ನೂಲು ನಂದು. ವಾಲ್ವು ಬಿಚ್ಚಿದ್ದು ನಾನೇ."

"ಗೊತ್ತು ಕಣಯ್ಯ," ಎಂದರು. "ಮೂರು ವರ್ಷ ಬೇಕಾಯ್ತಾ ಇದನ್ನ ಹೇಳಕ್ಕೆ? ಭಾನುವಾರ ಬಾ, ಓಡಿಸ್ತೀನಿ. ನೀನು ಮಾತ್ರ ಕೈ ಕಟ್ಕೊಂಡು ನಿಂತ್ಕೊ."