ಹೊನ್ನೂರಸ್ವಾಮಿ ಆರಿಸಿದ ದೀಪ

ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಮಗ್ಗ ಕೆಟ್ಟರೆ ಜನ ಮೊದಲು ನೆನೆಯುವುದು ಹೊನ್ನೂರಸ್ವಾಮಿಯನ್ನು, ಆಮೇಲೆ ದೇವರನ್ನು. ಈ ಸರದಿ ಅವನಿಗೆ ಬಹಳ ಇಷ್ಟ. ಅರವತ್ತು ದಾಟಿದ ಮಗ್ಗದ ಬಡಗಿ ಅವನು. ಅವ್ವ ಹರಕೆ ಹೊತ್ತು ಹೆತ್ತ ಮಗ. ಆ ಹರಕೆಯ ಹೆಸರನ್ನೇ ಇಟ್ಟುಕೊಂಡು ಮೂವತ್ತು ವರ್ಷದಿಂದ ದೇವರ ಮೇಲೆ ಕತ್ತಿ ಮಸೆಯುತ್ತಿದ್ದಾನೆ.

ದೇವರನ್ನು ನಂಬದವರು ಊರಿನಲ್ಲಿ ಬೇರೆಯೂ ಇದ್ದರು. ಟೀ ಅಂಗಡಿಯ ಪ್ರಭು ನಂಬುತ್ತಿರಲಿಲ್ಲ. ಆದರೂ ದಿನಾ ಬೆಳಗ್ಗೆ ಅಂಗಡಿಯ ಪಟಕ್ಕೆ ಊದುಬತ್ತಿ ಬೆಳಗುತ್ತಿದ್ದ, ಗಿರಾಕಿಗಳು ನಂಬುತ್ತಾರಲ್ಲ ಎಂದು. ಹೊನ್ನೂರಸ್ವಾಮಿಗೆ ಇಂಥ ಜಾಣತನ ಬರದು. ಹೊಸ ಮಗ್ಗ ಕೂಡಿಸಿದ ದಿನ ಮನೆಯವರು ಅದಕ್ಕೆ ಬಳಿದ ಅರಿಶಿನ ಕುಂಕುಮವನ್ನು ತನ್ನ ಟವೆಲ್ಲಿನಿಂದ ಒರೆಸಿಹಾಕಿ, "ಮರಕ್ಕೆ ಎಣ್ಣೆ ಬೇಕು ಕಣ್ರಿ, ಕುಂಕುಮ ಅಲ್ಲ" ಎನ್ನುತ್ತಿದ್ದ. ಯಾರ ಮೈಮೇಲಾದರೂ ದೇವರು ಬಂದರೆ ಎದುರಿಗೆ ಹೋಗಿ ನಿಂತು, "ತಾಯೀ, ನನ್ನ ಉಳಿ ಕಳೆದೈತೆ, ಎಲ್ಲೈತೆ ಹೇಳು" ಎಂದು ಕೇಳುತ್ತಿದ್ದ. ದೇವರು ಕಟಕಟ ಹಲ್ಲು ಕಡಿಯುತ್ತಿತ್ತೇ ಹೊರತು ಉಳಿಯ ಸುದ್ದಿ ಹೇಳುತ್ತಿರಲಿಲ್ಲ.

"ನಂಬಬೇಡ, ಬಿಡು. ಸುಮ್ನಿರೋಕೆ ನಿನಗೇನು ರೋಗ?" ಎಂದು ಪ್ರಭು ಒಮ್ಮೆ ಕೇಳಿದ್ದ.

"ಬೇಲಿ ಆಚೆ ನಿಂತ್ಕಂಡು ನನಗೆ ಮುಳ್ಳು ಚುಚ್ಚಲಿಲ್ಲ ಅನ್ನೋನು ನೀನು. ಚುಚ್ಚಿಸ್ಕಂಡೋರು ಈಚೆ ಅವ್ರೆ ಕಣಲೇ. ನಾನು ಬೇಲಿ ಕೀಳೋನು."

ಹೆಂಡತಿ ಶಾರದಮ್ಮ ಮಾತ್ರ ಬೀರುವಿನಲ್ಲಿ ಸೀರೆಗಳ ಅಡಿ ಒಂದು ಚೌಡಮ್ಮನ ಪಟ ಇಟ್ಟುಕೊಂಡಿದ್ದಳು. ಅವನಿಗೆ ಗೊತ್ತಿತ್ತು. ಆ ಬೀರುವನ್ನು ಅವನು ತೆಗೆಯುತ್ತಿರಲಿಲ್ಲ. ಎಂಥ ಶೂರನ ಯುದ್ಧಕ್ಕೂ ಮನೆಯ ಹೊಸ್ತಿಲಲ್ಲಿ ಒಂದು ಕದನವಿರಾಮ ಇರುತ್ತದೆ.

ಹೋದ ವರ್ಷ ಗೋವರ್ಧನ ಎಂಬ ನೇಕಾರನ ಮನೆಯಲ್ಲಿ ನಾಲ್ಕು ರೀಲು ಜರಿ ಕಳೆಯಿತು. ಚಳ್ಳಕೆರೆಯ ಎಣ್ಣೆ ಮಿಲ್ಲಿನವರ ಮದುವೆ ಸೀರೆಗೆಂದು ತಂದ ಜರಿ. ಆ ಮನೆಗೆ ರೇಷ್ಮೆ ಎಳೆ ಸುತ್ತಿಕೊಡುತ್ತಿದ್ದ ಓಬಳಮ್ಮ ಅವತ್ತು ಮಧ್ಯಾಹ್ನ ಎದ್ದುಹೋದವಳು ಮತ್ತೆ ಬಂದಿರಲಿಲ್ಲ. ಅವಳು ಹೋದಾಗ ಇದ್ದ ಜರಿ ಸಂಜೆಗೆ ಇರಲಿಲ್ಲ. ಹಿತ್ತಿಲ ಬಾಗಿಲಿಂದ ಬಂದು ಒಯ್ದಳೆಂದು ಗೋವರ್ಧನನೇ ತೀರ್ಪು ಕೊಟ್ಟುಬಿಟ್ಟ. ಓಬಳಮ್ಮ ವಿಧವೆ. ಎಳೆ ಸುತ್ತುವುದು ನಂಬಿಕೆಯ ಕೆಲಸ. ಕಳ್ಳಿ ಎಂಬ ಹೆಸರು ಅಂಟಿದರೆ ಆ ಬೀದಿಯಲ್ಲಿ ಅವಳ ಕೈಗೆ ಗೇಣು ನೂಲನ್ನೂ ಯಾರೂ ಕೊಡುವುದಿಲ್ಲ, ಅವಳಿಗೆ ಬೇರೆ ಕೆಲಸವೂ ಬರದು.

ಅವಳು ಎಲ್ಲಿದ್ದಳೆಂದು ತಿಳಿದಿದ್ದವನು ಹೊನ್ನೂರಸ್ವಾಮಿ ಒಬ್ಬನೇ. ಅವಳ ರಾಟೆಯ ಕದಿರು, ಎಳೆ ಸುತ್ತುವ ಕಬ್ಬಿಣದ ಕಡ್ಡಿ, ಬಾಗಿತ್ತು. ನೆಟ್ಟಗೆ ಮಾಡಿಸಲು ತಂದು ಅವನ ಶೆಡ್ಡಿನಲ್ಲಿ ಕೂತವಳು ದೀಪ ಹೊತ್ತುವವರೆಗೂ ಎದ್ದಿರಲಿಲ್ಲ. ಎರಡು ಸಲ ಬಡಿದರೂ ಕದಿರು ಓಲಾಡಿತ್ತು, ಮೂರನೆಯ ಸಲಕ್ಕೆ ಸರಿಹೋಗಿತ್ತು.

ಚೌಡಮ್ಮನ ಗುಡಿಯ ಮುಂದೆ ಪಂಚಾಯ್ತಿ ಸೇರಿತು. ಇಂಥದ್ದಕ್ಕೆಲ್ಲ ಆ ಬೀದಿಯಲ್ಲಿ ಒಂದೇ ಪದ್ಧತಿ: ಅಮ್ಮನ ಎದುರು ದೀಪ ಹಚ್ಚಿ, ಹೇಳುವುದನ್ನು ಹೇಳಿ, ಸುಳ್ಳಾದರೆ ನನ್ನ ಮನೆ ದೀಪ ಹೀಗೇ ಆರಲಿ ಎಂದು ಅಂಗೈಯಿಂದ ಆರಿಸಬೇಕು. ಓಬಳಮ್ಮ ಸೆರಗು ಸಿಕ್ಕಿಸಿ ಮುಂದೆ ಬಂದಳು.

"ನಿನ್ನ ಮನೆ ದೀಪ ಯಾವಾಗ್ಲೋ ಆರೈತಲ್ಲಮ್ಮ," ಎಂದ ಗೋವರ್ಧನ. "ಇನ್ನೇನು ಆರಿಸ್ತೀಯ?"

ಯಾರೂ ತುಟಿ ಬಿಚ್ಚಲಿಲ್ಲ. ಬೀದಿಯ ಯಜಮಾನ ರಾಜಣ್ಣ ನೆಲ ನೋಡಿದ. ಓಬಳಮ್ಮ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ಹೊನ್ನೂರಸ್ವಾಮಿ ಎದ್ದ. "ಆಯಮ್ಮ ಅವತ್ತು ಹೊತ್ತು ಮುಳುಗೋವರೆಗೆ ನನ್ನ ಶೆಡ್ಡಿನಾಗಿದ್ಲು."

"ಚೂಡು ಹೊನ್ನೂರಾ," ಎಂದು ರಾಜಣ್ಣ ತೆಲುಗಿನಲ್ಲಿ ಶುರುಮಾಡಿ ಕನ್ನಡಕ್ಕೆ ಇಳಿದ. "ನೋಡು, ಹಂಗಾದ್ರೆ ನೀನೇ ದೀಪ ಆರಿಸಿ ಹೇಳು."

"ನನ್ನ ಮಾತು ಸಾಲ್ದಾ?"

"ಸಾಲಲ್ಲ."

"ನಿನಗದು ಬರೀ ಎಣ್ಣೆ ಬತ್ತಿ ತಾನೇ? ಆರಿಸಿ ಬಾರಲೇ," ಎಂದು ಪ್ರಭು ಹಿಂದಿನಿಂದ ಪಿಸುಗುಟ್ಟಿದ.

ಪ್ರಭುವಿಗಾಗಿದ್ದರೆ ಅದು ಬರೀ ಎಣ್ಣೆ ಬತ್ತಿಯೇ. ಬರೀ ನಂಬದವನು ಒಂದು ಗಳಿಗೆಯಲ್ಲಿ ಆರಿಸಿ, ಕೈ ಒರೆಸಿಕೊಂಡು ಟೀ ಕುಡಿಯಲು ಹೋಗುತ್ತಿದ್ದ. ಹೊನ್ನೂರಸ್ವಾಮಿ ಮೂವತ್ತು ವರ್ಷ ಎದುರು ಹಾಕಿಕೊಂಡದ್ದು ಇದೇ ದೀಪವನ್ನು. ಈಗಷ್ಟೇ ಒಬ್ಬ ಹೆಂಗಸನ್ನು ಆಚೆ ತಳ್ಳಿದ ದೀಪಕ್ಕೆ ಅವನು ಕೈಯೊಡ್ಡಿದರೆ, ಅದರ ಕಾನೂನಿಗೆ ಅವನೂ ಹೆಬ್ಬೆಟ್ಟು ಒತ್ತಿದಂತೆ. ಒಡ್ಡದಿದ್ದರೆ, ಅವನು ನೆಟ್ಟಗೆ ಮಾಡಿಕೊಟ್ಟ ಕದಿರು ತುಕ್ಕು ಹಿಡಿಯುತ್ತದೆ. ಅವನಿಗೆ ತಡೆಯಲಾರದಷ್ಟು ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಚಪ್ಪಲಿ ಬಿಟ್ಟು ಗುಡಿಯ ಮೆಟ್ಟಿಲು ಹತ್ತಿದ.

"ಓಬಳಮ್ಮ ನನ್ನ ಶೆಡ್ಡಿನಾಗಿದ್ಲು. ಸುಳ್ಳಾದ್ರೆ ನನ್ನ ಮನೆ ದೀಪ ಹಿಂಗೇ ಆರಲಿ."

ಹೆಂಗಸರ ಗುಂಪಿನಲ್ಲಿ ಶಾರದಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಹೇಳಿದ್ದು ಸತ್ಯವೇ ಆದರೂ, ಅವಳ ಮುಖ ನೋಡಿ ಅವನಿಗೆ ಒಂದು ಕ್ಷಣ ಹೆದರಿಕೆಯಾಯಿತು. ಆ ಹೆದರಿಕೆಗೆ ಅವನು ಇವತ್ತಿಗೂ ನಾಚುತ್ತಾನೆ. ಅಂಗೈ ಚುರುಕ್ಕೆಂದಿತು, ದೀಪ ಆರಿತು.

ಮರುದಿನ ಬೆಳಗ್ಗೆ ನಾಲ್ಕು ರೀಲು ಜರಿ, ಹಳೇ ಪೇಪರಿನಲ್ಲಿ ಸುತ್ತಿಕೊಂಡು, ಗುಡಿಯ ಮೆಟ್ಟಿಲ ಮೇಲೆ ಕೂತಿತ್ತು. ಒಯ್ದವರು ಯಾರೋ ಇಂದಿಗೂ ತಿಳಿಯದು. ಹೊನ್ನೂರಸ್ವಾಮಿಯಂಥವನೇ ಮೆಟ್ಟಿಲು ಹತ್ತಿದ ಮೇಲೆ ಅಮ್ಮ ಸುಮ್ಮನೆ ಬಿಡುವವಳಲ್ಲ ಎಂದು ಅವರಿಗೆ ಅನ್ನಿಸಿರಬೇಕು.

ಊರು ಕೊಂಡಾಡಿತು. ಅಮ್ಮನ ಶಕ್ತಿ ಎಂದರೆ ಇದು, ನಾಸ್ತಿಕನನ್ನೂ ಕರೆಸಿಕೊಂಡಳು, ಕಳ್ಳನ ಕೈಯಿಂದ ಮಾಲನ್ನೂ ಕಕ್ಕಿಸಿದಳು ಎಂದಿತು. ಗೋವರ್ಧನ ಅವನಿಗೆ ಪ್ರಸಾದ ತಂದುಕೊಟ್ಟ. ಮೂವತ್ತು ವರ್ಷದಲ್ಲಿ ಪೂಜಾರಿಯಿಂದಲೂ ಆಗದ ಪ್ರಚಾರವನ್ನು ಹೊನ್ನೂರಸ್ವಾಮಿ ಒಂದೇ ಸಂಜೆಯಲ್ಲಿ ಮಾಡಿಕೊಟ್ಟಿದ್ದ. ಅವನ ಬಾಯಿ ಬಿದ್ದುಹೋಯಿತು. ತಿಂಗಳಾದ ಮೇಲೆ ಗೋವರ್ಧನನ ಮನೆಯಲ್ಲಿ ಹೊಸ ಮಗ್ಗ ಕೂಡಿಸಿದ. ಬಳಿದ ಕುಂಕುಮವನ್ನು ಹಾಗೇ ಬಿಟ್ಟು ಬಂದ.

ಮಗ್ಗ ಕೂಡಿಸಿದ ಮೂರನೆಯ ದಿನ ಓಬಳಮ್ಮ ಶೆಡ್ಡಿಗೆ ಬಂದಳು. ಕೈಯಲ್ಲಿ ಸುತ್ತಬೇಕಾದ ರೇಷ್ಮೆಯ ಗಂಟಿತ್ತು.

"ಅಣ್ಣ, ಗೋವರ್ಧನಪ್ಪನ ಮಗ್ಗಕ್ಕೆ ಕುಂಕುಮ ಹಂಗೇ ಐತಲ್ಲ?"

"ಇನ್ಯಾವ ಮುಖ ಇಟ್ಕಂಡು ಒರೆಸ್ಲಮ್ಮ? ಆಣೆ ಮಾಡಿದೋನು ನಾನು."

ಓಬಳಮ್ಮ ಗಂಟನ್ನು ಕೆಳಗಿಟ್ಟು ಕೂತಳು. "ನಾನು ಚೌಡಮ್ಮಗೆ ಕೈ ಮುಗಿಯೋಳೇ. ನಾಳೆನೂ ಮುಗೀತೀನಿ. ಆದ್ರೆ ಅವತ್ತು ಗೋವರ್ಧನಪ್ಪ ನನಗೆ ನಿನ್ನ ಮನೆ ದೀಪ ಆರೈತೆ ಅಂದಾಗ, ಗುಡಿ ಒಳಗಿದ್ದೋಳು ಸುಮ್ನಿದ್ಲು. ಕೈ ಮುಗಿಯೋರೆಲ್ಲ ಸುಮ್ನಿದ್ರು. ಎದ್ದೋನು ನೀನೊಬ್ಬ. ನೀನೂ ಸುಮ್ನಾದ್ರೆ, ನಾಳೆ ಇನ್ನೊಬ್ಬಳಿಗೆ ಹಂಗಂದಾಗ ಯಾರು ಏಳ್ತಾರೆ?"

ಹೊನ್ನೂರಸ್ವಾಮಿ ಎದ್ದ. ಗೂಟದಿಂದ ಟವೆಲ್ ತೆಗೆದು, ಬಕೆಟ್ಟಿನಲ್ಲಿ ಅದ್ದಿ ಹಿಂಡಿಕೊಂಡು, ಗೋವರ್ಧನನ ಮನೆ ಕಡೆ ಹೊರಟ. ಮೂರು ದಿನ ಒಣಗಿದ ಕುಂಕುಮ ಒಣ ಬಟ್ಟೆಗೆ ಹೋಗುವುದಿಲ್ಲ.