ಕೊಪ್ಪರಿಗೆಯಲ್ಲಿ ಒಂದು ಕೂದಲು

ಎಂಟನೇ ಕ್ಲಾಸಿನ ನಡುವೆಯೇ ನಾನು ಶಾಲೆ ಬಿಟ್ಟೆ. ಅದಕ್ಕೆ ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಸೇಲಂ ಊರಿನ ಅಂಚಿನಲ್ಲಿ, ಎರಡೂ ಸಾಲಿನ ಮನೆಗಳಿಂದ ಮಗ್ಗದ ಸದ್ದು ಕೇಳುವ ಬೀದಿ ನಮ್ಮದು. ಆ ಬೀದಿಯ ನೂಲಿಗೆ ಬಣ್ಣ ಹಾಕುವ ಕೆಲಸ ನನ್ನದು. ಹದಿಮೂರನೇ ವಯಸ್ಸಿಗೆ ಕೊಪ್ಪರಿಗೆಯ ಮುಂದೆ ನಿಂತವನು, ನನ್ನ ಉಗುರಿನ ನೀಲಿ ಮದುವೆಯ ದಿನವೂ ಹೋಗಿರಲಿಲ್ಲ. ಮೈಮುರಿದು ದುಡಿದೆ. ನಾನು ಹಾಕಿದ ಬಣ್ಣ ಬಿಟ್ಟಿತು ಎಂದು ನೂಲು ಹಿಡಿದುಕೊಂಡು ವಾಪಸು ಬಂದವರಿಲ್ಲ.

ನನಗೆ ಕೆಲಸ ಕಲಿಸಿದ ಹಿರಿಯರು ಎಲ್ಲವನ್ನೂ ನಾಲಿಗೆಯಲ್ಲಿ ಅಳೆಯುತ್ತಿದ್ದರು. ಬಣ್ಣದ ಕೆಲಸಕ್ಕೆ ಕಲಸಿಟ್ಟ ನೀರಿನ ಒಂದು ತೊಟ್ಟನ್ನು ಚೊಂಬು ನೀರಿಗೆ ಬಿಟ್ಟು, ಅದರಲ್ಲಿ ಬೆರಳು ಅದ್ದಿ, ನಾಲಿಗೆ ತುದಿಗೆ ಮುಟ್ಟಿಸಿ, ಆ ಕ್ಷಣವೇ ಉಗಿದುಬಿಡುವುದು. ಒಗೆಯುವ ಸೋಡಾ ಆದರೆ ಸೋಪು ನೆಕ್ಕಿದ ಹಾಗೆ ಸಪ್ಪೆ. ಚರ್ಮ ಸುಡುವ ಕಾಸ್ಟಿಕ್ ಆದರೆ ಇರುವೆಯ ಹಾಗೆ ಕಚ್ಚುತ್ತದೆ. ಇಂದು ಯಾರಾದರೂ ಹಾಗೆ ಮಾಡಿದರೆ ನಾನೇ ಕೈ ಹಿಡಿದು ನಿಲ್ಲಿಸುತ್ತೇನೆ. ಅಂದು ಅದೇ ವಿದ್ಯೆ. ನನ್ನ ಅಂಗಳದಲ್ಲಿ ಎರಡು ನೀಲಿ ಕ್ಯಾನ್‌ಗಳಿದ್ದವು. ಗೋಡೆಯ ಕಡೆಯದು ಕಾಸ್ಟಿಕ್ ನೀರು, ಬಾವಿಯ ಕಡೆಯದು ಸೋಡಾ ನೀರು. ನೋಡಲು ಎರಡೂ ಒಂದೇ.

ಮಗಳು ಆಗ ಹತ್ತನೇ ಕ್ಲಾಸು. ತೊಂಬತ್ತರ ದಶಕದ ನಡುಭಾಗ. ಅವಳು ಒಂದು ದಿನ ಅಂಟು, ಕಾಗದ ಹಿಡಿದುಕೊಂಡು ಬಂದಳು.

"ಅಪ್ಪಾ, ಎರಡಕ್ಕೂ ಎಸ್ರು ಬರ್ದು ಅಂಟಿಸ್ಲಾ?"

"ಕೈಗೆ ಗೊತ್ತಿಲ್ದೋನ್ಗೆ ಚೀಟಿ ಬೇಕು ಕಣವ್ವಾ. ನಂಗ್ಯಾಕೆ?"

ಅವಳು ಕಾಗದವನ್ನು ಮಡಿಸಿ ಪುಸ್ತಕದೊಳಗೆ ಇಟ್ಟುಕೊಂಡಳು. ನಾನು ಆ ಮಾತನ್ನು ಮರೆತೂಬಿಟ್ಟೆ.

ಅವಳು ವಿಜ್ಞಾನವನ್ನು ಗಟ್ಟಿಯಾಗಿ ಓದುತ್ತಿದ್ದಳು, ಮನೆಮಾತು ಕನ್ನಡವಾದರೂ ಶಾಲೆಯ ತಮಿಳಿನಲ್ಲಿ, ಅಂಗಳದ ಮೆಟ್ಟಿಲ ಮೇಲೆ ಕುಳಿತು. ಸನ್ನೆಕೋಲು, ರಾಟೆ, ಮಸೂರ, ಆಮ್ಲ, ಕ್ಷಾರ, ಜೀರ್ಣಾಂಗ, ರಕ್ತದ ಓಟ, ಎಲ್ಲವೂ ನನ್ನ ಕಿವಿಗೆ ಬೀಳುತ್ತಿತ್ತು. ರಾಟೆಯ ಪಾಠ ಬಂದಾಗ ನಾನು ಬಾವಿಯ ರಾಟೆಯಿಂದ ನೀರು ಸೇದುತ್ತಾ, "ಇದ್ನ ಪುಸ್ತಕ ನೋಡಿ ಕಲೀಬೇಕಾ?" ಎಂದು ನಗುತ್ತಿದ್ದೆ. ಅವಳು ನಗುತ್ತಿರಲಿಲ್ಲ. ಓದು ಮುಂದುವರಿಸುತ್ತಿದ್ದಳು. ಅದು ನನಗೆ ಒಳಗೊಳಗೇ ಚುಚ್ಚುತ್ತಿತ್ತು.

ಆ ತನಕ ನನ್ನದು ಹತ್ತಿಯ ನೂಲು ಮಾತ್ರ. ರೇಷ್ಮೆ, ನಮ್ಮ ಕಡೆಯ ಮಾತಿನಲ್ಲಿ ಪಟ್ಟು, ಮುಟ್ಟಿದ್ದು ಎರಡೋ ಮೂರೋ ಸಲ. ಆ ವರ್ಷ ನಂಗವಳ್ಳಿಯಿಂದ ನನ್ನ ಹೆಂಡತಿಯ ಅಣ್ಣ ಬಂದ. ಅವನೂ ನೇಯುವವನೇ. ಅವನ ಮಗಳ ಮದುವೆ ನಿಶ್ಚಯವಾಗಿತ್ತು, ಮುಹೂರ್ತದ ಸೀರೆಯನ್ನು ತಾನೇ ನೇಯಬೇಕೆಂದು ಹಟ. ಸುತ್ತಿ ಕಟ್ಟಿದ ಎಂಟು ಲಡಿ ಹಸಿ ರೇಷ್ಮೆ ನೂಲನ್ನು ಬಿಳಿ ಪಂಚೆಯಲ್ಲಿ ಕಟ್ಟಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದ. ಕಣ್ಣಿಂದ ನೋಡಿ ಒಂದೊಂದೇ ಲಡಿಯಾಗಿ ತಾನೇ ಆರಿಸಿದ್ದನಂತೆ.

"ಪಟ್ಟಿನ ಕೆಲ್ಸ ಬರತ್ತಾ ಮಾಪ್ಳೆ? ಇಲ್ಲಾಂದ್ರೆ ಏಳ್ಬುಡು. ಬಜಾರಲ್ಲಿ ಬೇರೆಯೋರು ಅವ್ರೆ," ಎಂದ.

"ಈ ಬೀದೀಲಿ ಓಗಿ ಕೇಳು ಬಾವ, ನನ್ ಕೈ ಎಂಥದ್ದು ಅಂತ," ಎಂದೆ.

ಅಲ್ಲಿಗೆ ನನ್ನ ಹೆಸರನ್ನು ನಾನೇ ಅಡ ಇಟ್ಟ ಹಾಗಾಯಿತು. ಆ ರೇಷ್ಮೆ ಕೆಟ್ಟರೆ ಮುಹೂರ್ತಕ್ಕೆ ಸೀರೆ ಇಲ್ಲ. ತಂಗಿಯ ಗಂಡನೇ ಕೆಡಿಸಿದ ಎಂದು ಊರು ಆಡಿಕೊಳ್ಳುತ್ತದೆ.

ಹಸಿ ರೇಷ್ಮೆಯ ಮೇಲೆ ಹುಳು ಬಿಟ್ಟ ಅಂಟು ಇರುತ್ತದೆ. ಮುಟ್ಟಿದರೆ ಒಣಹುಲ್ಲಿನ ಹಾಗೆ ಒರಟು. ಬಣ್ಣ ಹಾಕುವ ಮೊದಲು ಸೋಪು, ಸೋಡಾ ಹಾಕಿದ ಬಿಸಿನೀರಿನಲ್ಲಿ ಆ ಅಂಟನ್ನು ಬಿಡಿಸಬೇಕು. ಮಾರನೆಯ ಬೆಳಗ್ಗೆ ಕೊಪ್ಪರಿಗೆಗೆ ನೀರು ತುಂಬಿ ಒಲೆ ಹಚ್ಚಿದೆ. ಬಾವ ಬಾವಿಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತ. ಮೊಮ್ಮಗುವನ್ನು ಆಸ್ಪತ್ರೆಗೆ ತಂದವನ ಹಾಗೆ ನನ್ನ ಕೈಯನ್ನೇ ನೋಡುತ್ತಿದ್ದ. ಮಗಳಿಗೆ ಮಾರನೆಯ ದಿನ ವಿಜ್ಞಾನದ ಪರೀಕ್ಷೆ. ಮೆಟ್ಟಿಲ ಮೇಲೆ ಪುಸ್ತಕ ಬಿಚ್ಚಿಕೊಂಡಿದ್ದಳು.

ಸೋಪು ಕರಗಿತು. ಅಲ್ಯೂಮಿನಿಯಂ ಮಗ್ಗಿನಲ್ಲಿ ಬಾವಿ ಕಡೆಯ ಕ್ಯಾನಿನಿಂದ ಎರಡು ಸಲ ತುಂಬಿ ಸುರಿದೆ. ಮಗ್ಗನ್ನು ಕಲ್ಲಿನ ಮೇಲಿಟ್ಟೆ. ರೂಢಿಯಂತೆ ಆ ಕ್ಯಾನಿನ ಒಂದು ತೊಟ್ಟನ್ನು ಚೊಂಬಿಗೆ ಬಿಟ್ಟು ಬೆರಳದ್ದಿ ನಾಲಿಗೆಗೆ ಮುಟ್ಟಿಸಿ ಉಗಿದೆ. ಸಪ್ಪೆ. ಸರಿಯಾಗಿದೆ ಎಂದುಕೊಂಡೆ.

"ಅಪ್ಪಾ, ಮಗ್ಗು ನೊರೆ ಉಕ್ಕುಸ್ತೈತೆ," ಎಂದಳು ಮಗಳು.

ಮಗ್ಗಿನ ತಳದಲ್ಲಿ ಉಳಿದಿದ್ದ ನಾಲ್ಕು ತೊಟ್ಟಿನಿಂದ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತಿದ್ದವು.

"ಸೋಪು ಇರ್ಬೇಕು. ನೀನು ಓದ್ಕೋ."

"ಸೋಪಲ್ಲ ಅಪ್ಪಾ. ಕಾಸ್ಟಿಕ್ ಅಲ್ಯೂಮಿನಿಯಂನ ತಿನ್ನತ್ತೆ, ಗ್ಯಾಸ್ ಬರತ್ತೆ. ಲ್ಯಾಬ್ನಲ್ಲಿ ಟೀಚರ್ ತೋರಿಸವ್ರೆ. ಅದು ಸೋಡಾನೇನಾ ನೋಡು."

ಬಾವ ಕಟ್ಟೆಯ ಮೇಲಿಂದ ನಕ್ಕ. "ಏನ್ ಮಾಪ್ಳೆ, ಮನೇಲೇ ವಾದ್ಯಾರಮ್ಮನ್ನ ಇಟ್ಕೊಂಡಿದ್ದೀಯ. ನಿಂಗೆ ಪಾಠ ಏಳ್ಕೊಡ್ತಾಳಾ?"

ಆ ನಗುವಿಗೆ ನನ್ನ ಕಿವಿ ಬಿಸಿಯಾಯಿತು. ಕಾಸ್ಟಿಕ್ ಅಲ್ಯೂಮಿನಿಯಂ ಪಾತ್ರೆಯನ್ನು ತೂತು ಮಾಡುತ್ತದೆಂದು ಬೀದಿಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಅದಕ್ಕೇ ಅಲ್ಲವೇ ಕಾಸ್ಟಿಕ್‌ಗೆ ಪ್ಲಾಸ್ಟಿಕ್ ಮಗ್ಗು, ಸೋಡಾಗೆ ಅಲ್ಯೂಮಿನಿಯಂ ಎಂದು ನಾನು ಇಟ್ಟುಕೊಂಡಿದ್ದು. ಕಣ್ಣ ಮುಂದೆ ಗುಳ್ಳೆ ಏಳುತ್ತಿದೆ. ಆದರೂ ನನ್ನ ನಾಲಿಗೆ ಸಪ್ಪೆ ಎಂದಿದೆ. ನಾಲಿಗೆ ದೊಡ್ಡದೋ, ಮಗಳ ಪುಸ್ತಕ ದೊಡ್ಡದೋ?

"ಇಪ್ಪತ್ತೈದು ವರ್ಷದ ನಾಲಿಗೆ ಇದು," ಎಂದೆ. ಅವಳಿಗೆ ಹೇಳಿದ ಹಾಗೆ ಹೇಳಿದೆ, ಕೇಳಿಸಬೇಕಾಗಿದ್ದುದು ಬಾವನಿಗೆ.

ಮೊದಲ ಲಡಿಯನ್ನು ಬಿದಿರು ಕೋಲಿಗೆ ಏರಿಸಿ ಕೊಪ್ಪರಿಗೆಗೆ ಇಳಿಬಿಟ್ಟೆ.

ಮಗಳು ಪುಸ್ತಕ ಬಿಟ್ಟು ಎದ್ದಳು. ಜಡೆಯಿಂದ ಒಂದು ಕೂದಲು ಕಿತ್ತು, ಅಲ್ಲೇ ಬಿದ್ದಿದ್ದ ಪೊರಕೆ ಕಡ್ಡಿಗೆ ಸುತ್ತಿ ಕೊಪ್ಪರಿಗೆಯ ಕಡೆ ಬಂದಳು.

"ಲೇ, ದೂರ ನಿಂತ್ಕೋ! ಕುದಿಯೋ ನೀರು!"

"ಪಟ್ಟು ಸುಟ್ರೆ ಕೂದ್ಲು ವಾಸ್ನೆ ಬರತ್ತೆ ಅಂತ ನೀನೇ ಏಳ್ತೀಯಲ್ಲಪ್ಪಾ. ಎರಡೂ ಪ್ರೋಟೀನು, ಅದಕ್ಕೇ ವಾಸ್ನೆ ಒಂದೇ. ಇದು ಕಾಸ್ಟಿಕ್ ಆದ್ರೆ ಕೂದ್ಲು ಕರಗತ್ತೆ. ಸೋಡಾ ಆದ್ರೆ ಅಂಗೇ ಇರತ್ತೆ. ಕೂದ್ಲಿಗೆ ಆಗಿದ್ದೇ ಪಟ್ಟಿಗೂ."

ನಾನು ತಡೆಯುವ ಮೊದಲೇ ಕಡ್ಡಿಯ ತುದಿ ನೊರೆಯೊಳಗೆ ಹೋಯಿತು. ಅವಳು ಎಣಿಸತೊಡಗಿದಳು, ತಮಿಳಿನಲ್ಲಿ. ಒಣ್ಣು, ರೆಂಡು, ಮೂಣು.

ಬಾವ ನಗು ನಿಲ್ಲಿಸಿದ್ದ. ನನ್ನ ಎರಡನೇ ಕೋಲು ಗಾಳಿಯಲ್ಲೇ ನಿಂತಿತ್ತು. ಅದರ ಮೇಲೆ ಎರಡನೇ ಲಡಿ. ಇಳಿಸಿದರೆ ನಾನು ಗೆದ್ದ ಹಾಗೆ, ಇಳಿಸದಿದ್ದರೆ ಹದಿನೈದು ವರ್ಷದ ಹುಡುಗಿಯ ಮಾತಿಗೆ ಬೆದರಿದ ಹಾಗೆ. ತೋಳು ನೋಯುತ್ತಿತ್ತು. ಒಲೆಯ ಕಾವು ಮುಖಕ್ಕೆ ಹೊಡೆಯುತ್ತಿತ್ತು. ಒಳಗಿನಿಂದ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. ಏನೆಂದು ಕೇಳಿದಳು. ಎಣಿಕೆ ನೂರು ದಾಟಿತು, ಇನ್ನೂರು ದಾಟಿತು. ಎಷ್ಟಕ್ಕೆ ನಿಲ್ಲಿಸಿದಳೋ ಕಾಣೆ, ಕಡ್ಡಿಯನ್ನು ಮೇಲೆತ್ತಿದಳು.

ಕೂದಲು ಇತ್ತು. ನನಗೆ ಉಸಿರು ಬಂತು. ಅಷ್ಟರಲ್ಲಿ ಅವಳು ಅದನ್ನು ಚೊಂಬಿನ ತಣ್ಣೀರಿನಲ್ಲಿ ಅದ್ದಿ, ಎರಡು ಬೆರಳಲ್ಲಿ ಮೆಲ್ಲಗೆ ಎಳೆದಳು. ಅದು ಫಟ್ಟನೆ ತುಂಡಾಗಲಿಲ್ಲ. ಗಂಜಿಯ ಹಾಗೆ ಲೋಳೆಯಾಗಿ ಬೆರಳಿಗೆ ಅಂಟಿಕೊಂಡಿತು.

ನಾನು ಎರಡನೇ ಕೋಲನ್ನು ಕೆಳಗಿಟ್ಟು ಮೊದಲನೆಯದನ್ನು ಎತ್ತಿದೆ. ಲಡಿ ಭಾರವಾಗಿ, ಜಾರುತ್ತಾ ಮೇಲೆ ಬಂತು. ಅರ್ಧ ಎತ್ತುವಷ್ಟರಲ್ಲಿ ತನ್ನ ಭಾರಕ್ಕೆ ತಾನೇ ಹರಿಯಿತು. ಅರ್ಧ ಕೋಲಿನ ಮೇಲೆ ಉಳಿಯಿತು, ಅರ್ಧ ನೊರೆಯೊಳಗೆ ಬಿತ್ತು. ಬಿದ್ದ ಸದ್ದು ಕೂಡ ಕೇಳಿಸಲಿಲ್ಲ.

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯೋ, ಮೊನ್ನೆ ಪೊಂಗಲ್‌ಗೆ ಗೋಡೆಗೆ ಸುಣ್ಣ ಒಡ್ಯಕ್ಕೆ ಕ್ಯಾನ್ ಎರಡೂ ಆಚೆ ಇಟ್ಟಿದ್ದೆ. ತಿರುಗಿ ಇಡೋವಾಗ ಅದಲು ಬದಲು ಆಗೋಯ್ತೇನೋ."

ಬಾವ ಕಟ್ಟೆಯಿಂದ ಇಳಿದು ಬಂದ. ಹರಿದ ಲಡಿಯನ್ನು ಮುಟ್ಟಿ ನೋಡಿದ. ಅವನ ಮುಖ ಕಪ್ಪಿಟ್ಟಿತ್ತು. ಆದರೆ ಅವನು ನನ್ನ ಹೆಂಡತಿಯ ಮಾತನ್ನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ಮೆಲ್ಲಗೆ, ತನಗೆ ತಾನೇ ಅನ್ನುವ ಹಾಗೆ ಅಂದ: "ನೂಲೇ ಸರಿ ಇಲ್ವೇನೋ. ನಾನೇ ಮೋಸ ಓದ್ನಾ? ಅಂಗಡಿಯೋನು ಹಳೇ ಸರಕು ಕೊಟ್ಟವ್ನೆ."

ತಪ್ಪಿಸಿಕೊಳ್ಳಲು ನನಗೆ ಒಂದು ಬಾಗಿಲು ತೆರೆಯಿತು. ನಾನು ಹೌದು ಎಂದು ತಲೆ ಆಡಿಸಿದ್ದರೆ ಸಾಕಿತ್ತು. ಅವನು ಅಂಗಡಿಗೆ ಹೋಗಿ ಜಗಳ ತೆಗೆಯುತ್ತಿದ್ದ, ನನ್ನ ಹೆಸರು ಉಳಿಯುತ್ತಿತ್ತು. ಹೆಂಡತಿ ನನ್ನನ್ನು ನೋಡಿದಳು. ಅವಳ ಕಣ್ಣು ಹೂಂ ಅನ್ನು ಎನ್ನುತ್ತಿತ್ತು. ಮಗಳು ನನ್ನ ಮುಖ ನೋಡಲಿಲ್ಲ. ಬೆರಳಿಗಂಟಿದ ಲೋಳೆಯನ್ನು ಕಲ್ಲಿಗೆ ಒರೆಸಿ, ಮತ್ತೆ ಮತ್ತೆ ಕೈ ತೊಳೆಯುತ್ತಿದ್ದಳು.

ನಾನು ಚೊಂಬನ್ನು ಎತ್ತಿಕೊಂಡೆ. ಮತ್ತೊಮ್ಮೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದೆ. ಸಪ್ಪೆ. ಕಾಸ್ಟಿಕ್ ಎಂದು ಈಗ ಗೊತ್ತಿದ್ದರೂ ಸಪ್ಪೆ. ಬಾಯಿ ತೊಳೆದುಕೊಂಡೆ. ಎರಡು ವರ್ಷದಿಂದ ಎಲೆಯಡಿಕೆಗೆ ಕೈ ಹಚ್ಚಿದ್ದೆ, ಕೈಬೆರಳಲ್ಲಿ ಧಾರಾಳವಾಗಿ ಸುಣ್ಣ ತೆಗೆದು ತಿನ್ನುತ್ತಿದ್ದೆ. ಸಾರಿನಲ್ಲಿ ಉಪ್ಪಿಲ್ಲ ಎಂದು ಹೆಂಡತಿಯ ಮೇಲೆ ದಿನಾ ಸಿಡುಕುತ್ತಿದ್ದೆ. ಅವಳು ಸರಿಯಾಗೇ ಹಾಕುತ್ತಿದ್ದಳು. ಸುಣ್ಣ ತಿಂದು ಬೆಂದದ್ದು ನನ್ನ ನಾಲಿಗೆ.

"ನೂಲು ಚೆನ್ನಾಗೈತೆ ಬಾವ," ಎಂದೆ. "ನನ್ ನಾಲಿಗೆ ಸತ್ತೋಗೈತೆ. ಸೋಡಾ ಅಂತ ಕಾಸ್ಟಿಕ್ ಉಯ್ದೆ. ಮಗಳು ಏಳಿದ್ಳು. ಕೇಳ್ಲಿಲ್ಲ."

ನನ್ನ ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ಆಡಿದ ಮಾತು ಬೇರೆ ಇಲ್ಲ.

ಬಾವ ಉಳಿದ ಏಳು ಲಡಿಯನ್ನು ಪಂಚೆಗೆ ಹಾಕಿ ಗಂಟು ಕಟ್ಟಿದ. ಗಂಟನ್ನು ತೋಳಿನಲ್ಲಿ ಅವುಚಿಕೊಂಡು ಬಾಗಿಲ ತನಕ ಹೋದ. ನಾನು ತಡೆಯಲಿಲ್ಲ. ಯಾವ ಬಾಯಲ್ಲಿ ತಡೆಯುವುದು? ಹೊಸ್ತಿಲ ಬಳಿ ನಿಂತು ಅವನು ಮಗಳನ್ನು ಕರೆದ.

"ಏನವ್ವಾ. ಆ ಇನ್ನೊಂದು ಕ್ಯಾನು, ಅದು ನಿಜವಾಗ್ಲೂ ಸೋಡಾನೇನಾ? ಅದನ್ನೂ ನೋಡಕ್ಕಾಗತ್ತಾ?"

"ಆಗತ್ತೆ ಮಾಮಾ. ಇನ್ನೊಂದು ಕೂದ್ಲು ಬೇಕು, ಅಷ್ಟೇ."

"ನಂದು ಬ್ಯಾಡ, ನಂಗಿರೋದೇ ನಾಕು," ಎಂದ ಬಾವ. ಅವನ ತಲೆ ಪೂರಾ ಬೋಳು. ಯಾರೂ ನಗಲಿಲ್ಲ, ಆದರೆ ಹೆಂಡತಿ ಬಾಯಿಂದ ಸೆರಗು ತೆಗೆದಳು.

ಕೊಪ್ಪರಿಗೆ ಖಾಲಿ ಮಾಡಿ ಮೂರು ಸಲ ತೊಳೆದೆ. ಹೊಸ ನೀರು, ಹೊಸ ಸೋಪು, ಗೋಡೆ ಕಡೆಯ ಕ್ಯಾನಿನಿಂದ ಎರಡು ಮಗ್ಗು. ಕಡ್ಡಿಗೆ ಕೂದಲು ಸುತ್ತಿ ಮಗಳು ಅದ್ದಿದಳು. ಈ ಸಲ ಮೂವರೂ ಸುತ್ತ ನಿಂತು ಅವಳ ಜೊತೆ ಬಾಯೊಳಗೇ ಎಣಿಸಿದೆವು. ಮೊದಲಿಗಿಂತ ಎರಡರಷ್ಟು ಎಣಿಸೋಣ ಎಂದವನು ನಾನೇ. ಅಷ್ಟು ಹೊತ್ತು ಬಾವ ಗಂಟನ್ನು ಕೆಳಗಿಡಲಿಲ್ಲ.

ಕಡ್ಡಿ ಮೇಲೆ ಬಂತು. ಅವಳು ಕೂದಲನ್ನು ತಣ್ಣೀರಿಗೆ ಅದ್ದಿ ನನ್ನ ಕೈಗೆ ಕೊಟ್ಟಳು. "ನೀನೇ ಎಳಿ ಅಪ್ಪಾ."

ಎಳೆದೆ. ಹರಿಯಲಿಲ್ಲ. ಎರಡೂ ಬೆರಳಿಗೆ ಸುತ್ತಿ ಜಗ್ಗಿದೆ. ಚರ್ಮಕ್ಕೆ ಕೊರೆಯಿತೇ ಹೊರತು ಹರಿಯಲಿಲ್ಲ. ಬಾವ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೂ ಜಗ್ಗಿ ನೋಡಿದ. ಆಮೇಲೆ ಗಂಟು ಬಿಚ್ಚಿ ಒಂದು ಲಡಿಯನ್ನು, ಒಂದೇ ಒಂದನ್ನು, ನನ್ನ ಕೋಲಿಗೆ ಹಾಕಿದ. ಅದು ಮೆತ್ತಗೆ, ಹೊಳೆಯುತ್ತಾ ಮೇಲೆ ಬಂದ ಮೇಲೆಯೇ ಉಳಿದ ಆರು ಕೊಟ್ಟ.

ಹಾಳಾದ ಲಡಿಯ ಬದಲಿಗೆ ನಾನೇ ಬಜಾರಿಗೆ ಹೋಗಿ ಅಂಥದ್ದೇ ಒಂದು ತಂದು, ಉಳಿದ ಏಳಕ್ಕೆ ಹಾಕಿದ್ದ ಅರಗಿನ ಕೆಂಪನ್ನೇ ಅದಕ್ಕೂ ಹಾಕಿಕೊಟ್ಟೆ. ಸೀರೆ ಮುಹೂರ್ತಕ್ಕೆ ಸಿದ್ಧವಾಯಿತು. ಆ ಒಂದು ಲಡಿಯ ಬಣ್ಣ ಒಂದು ಎಳೆಯಷ್ಟು ಗಾಢ. ಸೆರಗಿನ ತುದಿಯಲ್ಲಿ ಅದು ಎಲ್ಲಿದೆಯೆಂದು ನನಗೂ ಬಾವನಿಗೂ ಮಾತ್ರ ಗೊತ್ತು.

ಆ ಲಡಿ ಹಾಳಾದ ದಿನ ಸಂಜೆಯೇ ಮಗಳನ್ನು ಕರೆದು, ಪುಸ್ತಕದಲ್ಲಿಟ್ಟಿದ್ದ ಆ ಕಾಗದ ತೆಗೆ ಎಂದೆ. ಅವಳು ಬರೆದುಕೊಟ್ಟಳು, ಅಂಟಿಸಿದವನು ನಾನು. ಆಮೇಲೆ ಅವಳು ಮತ್ತೆ ಮೆಟ್ಟಿಲ ಮೇಲೆ ಕುಳಿತು ಪರೀಕ್ಷೆಗೆ ಓದತೊಡಗಿದಳು. ಎಲೆಯಡಿಕೆಯ ಚೀಲ ಜೇಬಿನಲ್ಲಿತ್ತು. ತೆಗೆಯದೆ ಒಲೆ ಆರಿಸುತ್ತಾ ಕೇಳಿಸಿಕೊಂಡೆ.

ಅಲ್ಲಿಂದಾಚೆಗೆ ರೇಷ್ಮೆ ಇಳಿಸುವ ಮುನ್ನ ಪ್ರತಿ ಸಲವೂ ಕೊಪ್ಪರಿಗೆಗೆ ಮೊದಲು ಒಂದು ಕೂದಲು ಇಳಿಯುತ್ತದೆ. ಬಾಚಣಿಗೆಯಲ್ಲಿ ಬಂದ ಕೂದಲನ್ನು ಉಂಡೆ ಕಟ್ಟಿಟ್ಟು, ಬೀದಿಗೆ ಬರುವ ಕೂದಲು ವ್ಯಾಪಾರಿಗೆ ಕೊಟ್ಟು ಸ್ಟೀಲ್ ಡಬ್ಬಿ ತೆಗೆದುಕೊಳ್ಳುವುದು ಹೆಂಡತಿಯ ರೂಢಿಯಾಗಿತ್ತು. "ಇನ್ನೊಂದ್ ಡಬ್ಬಿ ಆಗ್ತಿತ್ತು, ಎಲ್ಲಾ ನಿನ್ ಕೊಪ್ಪರಿಗೆ ನುಂಗ್ತು," ಎಂದು ಬೈಯುತ್ತಲೇ ಆ ಉಂಡೆಯಿಂದ ಒಂದು ಎಳೆಯನ್ನು ಬಿಡಿಸಿ ಕೊಡುತ್ತಾಳೆ.