ಜಾಕಿಯಾ ಒತ್ತಿದ ಒಪ್ಪಿಗೆ

ಮದ್ದೂರಿನ ಜಾಕಿಯಾಗೆ ಕಣ್ಣು ಹೋದದ್ದು ಒಂದೇ ಸಲಕ್ಕಲ್ಲ. ಮೊದಮೊದಲು ಸಂಜೆ ಹೊತ್ತು ಮೆಟ್ಟಿಲು ಕಾಣದೆ ಎಡವುತ್ತಿದ್ದಳು. ಆಮೇಲೆ ಪಕ್ಕದಿಂದ ಬಂದವರು ಕಾಣದಾದರು. ಮೈಸೂರಿನ ಡಾಕ್ಟರು, ಇದು ಹುಟ್ಟಿನಿಂದಲೇ ಇದ್ದದ್ದು, ಔಷಧಿಯಿಲ್ಲ ಎಂದುಬಿಟ್ಟರು. ಮೂವತ್ತು ದಾಟುವಷ್ಟರಲ್ಲಿ ಅವಳಿಗೆ ಬೆಳಕೆಲ್ಲಿದೆ, ಕತ್ತಲೆಯೆಲ್ಲಿದೆ ಎನ್ನುವುದಷ್ಟೇ ಗೊತ್ತಾಗುತ್ತಿತ್ತು.

ಊರಾಚೆಯ ಗಾರ್ಮೆಂಟ್ಸ್ ಕಾರ್ಖಾನೆಯ ಆಫೀಸಿನಲ್ಲಿ ಅವಳಿಗೆ ಕೆಲಸ. ಹೊಲಿಗೆಯ ಹೆಂಗಸರ ರಜೆ, ಗೇಟ್ ಪಾಸು ಎಲ್ಲ ಅವಳ ಕೈಯಿಂದಲೇ ಆಗಬೇಕು. ಮೊದಲು ಚೀಟಿಯಲ್ಲಿ ನಡೆಯುತ್ತಿದ್ದದ್ದು ನಂತರ ಕಂಪ್ಯೂಟರಿಗೆ ಬಂತು. ಸೂಪರ್‌ವೈಸರು ಅರ್ಜಿ ಹಾಕಿದರೆ ಅದು ಜಾಕಿಯಾಳ ಪರದೆಗೆ ಬರುತ್ತದೆ, ಅವಳು ಒಪ್ಪಿದರೆ ಗೇಟಿನವರ ಪರದೆಗೆ ಹೋಗುತ್ತದೆ. ಕಾಗದವಿಲ್ಲದೆ ಕೆಲಸ ತಾನಾಗಿ ಒಂದು ಮೇಜಿನಿಂದ ಇನ್ನೊಂದಕ್ಕೆ ಸಾಗುವಂಥ ದೊಡ್ಡ ಸಾಫ್ಟ್‌ವೇರು ಅದು.

ಕಣ್ಣು ಮಂಜಾದ ಮೇಲೆ ಜಾಕಿಯಾ ಪರದೆಯಲ್ಲಿದ್ದದ್ದನ್ನು ಓದಿ ಹೇಳುವ ವ್ಯವಸ್ಥೆಯನ್ನು ಕಲಿತಳು. ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ ಪತ್ರ, ಸುದ್ದಿ ಎಲ್ಲ ಕೇಳುತ್ತಿತ್ತು. ಆದರೆ ಕಾರ್ಖಾನೆಯ ಸಾಫ್ಟ್‌ವೇರಿನ ಮುಂದೆ ಕೂತರೆ ಅದು "ಬಟನ್, ಬಟನ್, ಬಟನ್" ಎಂದಷ್ಟೇ ಹೇಳುತ್ತಿತ್ತು. ಒಪ್ಪಿಗೆಯ ಬಟನ್ ಯಾವುದು, ನಿರಾಕರಣೆಯದು ಯಾವುದು ಎಂದು ಅದಕ್ಕೂ ಗೊತ್ತಿಲ್ಲ. ಮಾಡಿದವರು ಅವಕ್ಕೆ ಹೆಸರೇ ಕೊಟ್ಟಿರಲಿಲ್ಲ, ಬರೀ ಚಿತ್ರ ಹಾಕಿದ್ದರು. ಒಂದು ಮಧ್ಯಾಹ್ನ ಜಾಕಿಯಾ ಊಟ ಮಾಡದೆ ಮೇಜಿನ ಮೇಲೆ ತಲೆಯಿಟ್ಟು ಅತ್ತಳು.

ಅದನ್ನು ಕಂಡವನು ಸಂತೋಷ್. ಯಲಿಯೂರಿನವನು, ಕಂಪ್ಯೂಟರ್ ವಿಭಾಗದವನು, ಅವಳಿಗಿಂತ ಚಿಕ್ಕವನು.

"ಯಾಕಕ್ಕ ಅಳ್ತಿದ್ದೀರಿ? ಒಸಿ ತಡೀರಿ. ಹೆಸರಿಲ್ದಿದ್ರೆ ನಾವೇ ಇಡಾನ."

"ಕಂಪನಿ ಸಾಫ್ಟ್‌ವೇರು ಕಣೋ. ನೀನು ಹೆಂಗೆ ಇಡ್ತೀಯ?"

"ಅದರ ಒಳಕ್ಕೆ ಕೈ ಆಕಂಗಿಲ್ಲ, ನಿಜ. ಆದ್ರೆ ಪಕ್ಕದಲ್ಲಿ ನಮ್ದೊಂದು ಸಣ್ಣ ಪ್ರೋಗ್ರಾಮ ಸಿಗಿಸ್ಕಳ್ಳಿ ಅಂತ ಅವ್ರೇ ಜಾಗ ಬುಟ್ಟವ್ರೆ. ಅದುಕ್ಕೆ ಪ್ಲಗಿನ್ ಅಂತಾರೆ. ದೊಡ್ಡದು ತನ್ನ ಕೆಲಸ ಮಾಡ್ತಿರ್ತದೆ, ನಮ್ದು ಪಕ್ಕದಲ್ಲಿ ಕೂತ್ಕಂಡು ನಿಮ್ಗೆ ಏಳ್ತದೆ, ಇದು ಒಪ್ಪಿಗೆ, ಇದು ಬ್ಯಾಡ ಅನ್ನೋದು ಅಂತ."

"ಅದು ಕೆಟ್ಟರೆ?"

"ದೊಡ್ಡದು ಬದಲಾದಾಗ್ಲೆಲ್ಲ ಇದನ್ನೂ ತಿದ್ದಬೇಕು. ನಾನಿಲ್ವಾ, ಬುಡಿ."

ಕೆಲವು ವಾರಗಳಲ್ಲಿ ಅದು ಸಿದ್ಧವಾಯಿತು. ಬಟನ್‌ಗಳು ಕನ್ನಡದಲ್ಲಿ ತಮ್ಮ ಹೆಸರು ಹೇಳಿಕೊಂಡವು. ಮತ್ತೆ ಆಫೀಸಿನ ಕೆಲಸ ಪೂರ್ತಿ ಜಾಕಿಯಾಳ ಕೈಗೆ ಬಂತು. ಮನೆಗೆ ಬಂದು ಅಪ್ಪ ಅಸದುಲ್ಲಾನ ಹತ್ತಿರ ಅದೆಷ್ಟು ಸಲ ಹೇಳಿದಳೋ. ಸಾಫ್ಟ್‌ವೇರಿನವರು ಏನಾದರೂ ಬದಲಾಯಿಸುತ್ತಾರೆ ಎಂದು ತಿಳಿದರೆ ಸಂತೋಷ್ ಮೊದಲೇ ಕೂತು ತನ್ನ ಪ್ಲಗಿನ್ ತಿದ್ದಿಡುತ್ತಿದ್ದ. ಮರುದಿನ "ಏನಾದ್ರೂ ಯತ್ವಾಸ ಕಂಡ್ತಾ ಅಕ್ಕ?" ಎಂದು ಕೇಳುವನು. ಅವಳಿಗೆ ಏನೂ ಕಂಡಿರುತ್ತಿರಲಿಲ್ಲ.

ಸಂತೋಷ್ ಹೆದ್ದಾರಿಯಲ್ಲಿ ಸತ್ತ. ಬೈಕಿನಲ್ಲಿ ಮನೆಗೆ ಹೋಗುತ್ತಿದ್ದವನಿಗೆ ಲಾರಿ ತಗುಲಿತು. ಆಫೀಸಿನವರೆಲ್ಲ ವ್ಯಾನು ಮಾಡಿಕೊಂಡು ಮಣ್ಣಿಗೆ ಹೋದರು. ಜಾಕಿಯಾಳನ್ನು ಯಾರೋ ಕೈಹಿಡಿದು ಜನರ ನಡುವೆ ನಿಲ್ಲಿಸಿದರು. ಅವಳಿಗೆ ಅವನ ಹೆಂಡತಿ ರೂಪಳ ಅಳು ಮಾತ್ರ ಕೇಳಿತು. ಎಷ್ಟು ದೂರದಿಂದ, ಯಾವ ಕಡೆಯಿಂದ ಎಂಬುದೂ ತಿಳಿಯಲಿಲ್ಲ.

ಅವನ ಜಾಗಕ್ಕೆ ಯಾರೂ ಬರಲಿಲ್ಲ. ಮುಂದಿನ ಸಲ ಸಾಫ್ಟ್‌ವೇರು ಬದಲಾದಾಗ ಪಕ್ಕದಲ್ಲಿ ಸಿಗಿಸಿದ್ದ ಆ ಸಣ್ಣದೊಂದು ಯಾರ ನೆನಪಿಗೂ ಬರಲಿಲ್ಲ. ಹೊಸ ಪರದೆಯಲ್ಲಿ ಬಟನ್‌ಗಳ ಸಾಲಿಗೆ ಇನ್ನೊಂದು ಸೇರಿ, ಉಳಿದವು ಒಂದೊಂದು ಸ್ಥಾನ ಸರಿದಿದ್ದವು. ಸಂತೋಷನ ಪ್ಲಗಿನ್ ನಿಂತುಹೋಗಿದ್ದರೆ ಚೆನ್ನಾಗಿತ್ತು. ಅದು ನಿಲ್ಲಲಿಲ್ಲ. ಹಳೆಯ ಜಾಗದ ಪ್ರಕಾರವೇ ಹೆಸರು ಹೇಳುತ್ತ ಹೋಯಿತು.

ಅವತ್ತು ಬೆಳಿಗ್ಗೆ ಬಂದ ಮೊದಲ ಅರ್ಜಿ ಸಣ್ಣತಾಯಮ್ಮನದು. ಮಳವಳ್ಳಿ ಕಡೆಯವಳು, ಕಾಲರ್ ಹೊಲಿಯುವ ಲೈನಿನವಳು. ತಾಯಿಗೆ ಜೋರಾಗಿದೆ, ಮಂಡ್ಯದ ಆಸ್ಪತ್ರೆಗೆ ಹೋಗಬೇಕು, ಗೇಟ್ ಪಾಸು ಬೇಕು. ಇಯರ್‌ಫೋನಿನಲ್ಲಿ ಅದನ್ನು ಕೇಳಿದ ಜಾಕಿಯಾ ಉಳಿದದ್ದಕ್ಕೆ ಕಾಯದೆ ಬಟನ್‌ಗಳ ಮೇಲೆ ಸರಿದಳು. "ಒಪ್ಪಿಗೆ" ಎಂದು ಕೇಳಿಸಿತು. ಒತ್ತಿದಳು. "ಬೇಗ ಹೋಗವ್ವ" ಎಂದು ತನ್ನಷ್ಟಕ್ಕೇ ಅಂದುಕೊಂಡಳು.

ಅವಳು ಒತ್ತಿದ್ದು ನಿರಾಕರಣೆಯನ್ನು. ಗೇಟಿನವನು ಸಣ್ಣತಾಯಮ್ಮನನ್ನು ಬಿಡಲಿಲ್ಲ. ಪಾಸು ಬೇಡವೆಂದು ಬಂದಿದೆ, ಒಳಗೆ ಹೋಗು ಎಂದ. ಅವಳು ಸೂಪರ್‌ವೈಸರನ್ನು ಹುಡುಕಿದಳು, ಅವನು ಮೀಟಿಂಗಿನಲ್ಲಿದ್ದ. ಅವನು ಹೊರಬಂದು ಆಫೀಸಿನಲ್ಲಿ ವಿಚಾರಿಸಿ, ಆಗಿದ್ದ ತಪ್ಪು ಗೊತ್ತಾಗಿ ಗೇಟು ತೆರೆಯುವಷ್ಟರಲ್ಲಿ ಮಧ್ಯಾಹ್ನದ ಊಟದ ಬೆಲ್ಲು ಹೊಡೆದಿತ್ತು. ಅವಳು ಮಂಡ್ಯ ಮುಟ್ಟಿದಾಗ ತಾಯಿ ಹೋಗಿಯಾಗಿತ್ತು.

ಮ್ಯಾನೇಜರ್ ರಾಜೇಂದ್ರ ಕೂಗಾಡುವವರಲ್ಲ. ಜಾಕಿಯಾಳನ್ನು ಕರೆದು ಮೆಲ್ಲಗೆ ಹೇಳಿದರು. "ಹೊರಗಿನ ಪ್ರೋಗ್ರಾಮು ಅಮ್ಮಾ, ಇಟ್ಟುಕೊಳ್ಳೋಕಾಗಲ್ಲ. ಅದನ್ನ ತೆಗೆಸಿದ್ದೀನಿ. ಸಂತೋಷ್ ಬರೆದಿದ್ದ ಅದರ ಮೂಲ ಕೋಡು ಸಿಕ್ಕಿದ್ರೆ ಯಾರ ಕೈಲಾದ್ರೂ ಸರಿ ಮಾಡಿಸಬಹುದು."

ತಿಥಿ ಕಳೆದು ಕೆಲಸಕ್ಕೆ ಬಂದ ಸಣ್ಣತಾಯಮ್ಮನನ್ನು ಜಾಕಿಯಾ ಊಟದ ಕೋಣೆಯಲ್ಲಿ ಹುಡುಕಿಸಿಕೊಂಡು ಹೋದಳು.

"ಸಣ್ಣತಾಯವ್ವ, ನಾನು ಒಪ್ಪಿಗೆ ಅಂತಾನೇ ಒತ್ತಿದ್ದು."

"ಗೊತ್ತು ಕಣಮ್ಮ. ಎಲ್ಲಾರೂ ಅಂದ್ರು." ತಟ್ಟೆಯಲ್ಲಿ ಬೆರಳಾಡುವ ಸದ್ದಾಯಿತು. "ನಮ್ಮವ್ವ ಕೊನೆಗಂಟ ನನ್ನೇ ಕೇಳ್ತಿತ್ತಂತೆ. ನಿನ್ನ ಬೈದು ನಾನೇನ್ಮಾಡ್ಲಿ? ಓಗು, ಉಣ್ಣೋಗು."

ಆ ಮಾತಿಗಿಂತ ಬೈಗುಳವೇ ಮೇಲೆನ್ನಿಸಿತು ಜಾಕಿಯಾಗೆ.

ಕೊಪ್ಪ ರಸ್ತೆಯಲ್ಲಿ ಗ್ಯಾರೇಜು ಇಟ್ಟಿದ್ದ ಅಸದುಲ್ಲಾ ಗಾಡಿಗಳಿಗೆ ಕ್ಯಾರಿಯರ್ ಬೆಸೆದೇ ಮುಪ್ಪಾದವನು. ಮಗಳು ಹೇಳಿದ್ದನ್ನೆಲ್ಲ ಕೇಳಿ ಮನೆಯ ಉರ್ದುವಿನಲ್ಲಿ ಅಂದ: "ಹೊಸ ಮಾಡೆಲ್ಲಿನಲ್ಲಿ ಬೋಲ್ಟಿನ ತೂತು ಬೇರೆ ಕಡೆ ಇರುತ್ತದೆ ಬೇಟಿ. ಹಳೆಯ ಕ್ಯಾರಿಯರ್ ಕೂರುವುದಿಲ್ಲ. ಮಾಡಿದವನೇ ಬಿಚ್ಚಿ ಮತ್ತೆ ಬೆಸೆಯಬೇಕು." ಆಮೇಲೆ ತಾನು ಹೇಳಿದ್ದು ಏನೆಂದು ತಿಳಿದು ಮಗಳ ತಲೆ ಸವರಿದ.

ಆ ಮೂಲ ಇರಬಹುದಾದ ಸಂತೋಷನ ಲ್ಯಾಪ್‌ಟಾಪನ್ನು ಸಾವಿನ ಮನೆಗೆ ಹೋಗಿ ಕೇಳುವುದು ಹೇಗೆ ಎಂದು ಅವಳು ಬಹಳ ದಿನ ಹಿಂಜರಿದಳು. ಕೊನೆಗೆ ಅಪ್ಪನ ಜೊತೆ ಪ್ಯಾಸೆಂಜರ್ ರೈಲಿನಲ್ಲಿ ಯಲಿಯೂರಿಗೆ ಹೋದಳು. ರೂಪ ಜಗಲಿಯಲ್ಲಿ ಚಾಪೆ ಹಾಕಿ ಕೂರಿಸಿದಳು, ಕಾಫಿ ಕೊಟ್ಟಳು. ಜಾಕಿಯಾ ಲ್ಯಾಪ್‌ಟಾಪಿನ ವಿಷಯ ತೆಗೆದಳು.

"ಅದು ಕಂಪನೀದಲ್ವಾ ಅಕ್ಕ. ವಾಪಸ್ ಕೊಟ್ಬುಟ್ಟೆ. ಒಳಗಿದ್ದುದ್ನೆಲ್ಲ ಅಳಿಸಿ ಬೇರೆಯವ್ರಿಗೆ ಕೊಟ್ರಂತೆ. ನಮ್ಮ ಮದುವೆ ಫೋಟೋನೂ ಅದ್ರಲ್ಲೇ ಇದ್ವು."

ಜಾಕಿಯಾ ಕಾಫಿ ಲೋಟವನ್ನು ಕೆಳಗಿಟ್ಟಳು. ರೂಪಳೇ ಮುಂದುವರಿಸಿದಳು.

"ಅವ್ರು ನಿಮ್ದನ್ನ ಈ ಜಗಲಿ ಮ್ಯಾಲೆ ಕೂತ್ಕಂಡೇ ಮಾಡ್ತಿದ್ದುದ್ದು. ಕಣ್ಗೆ ನನ್ನ ವೇಲು ಕಟ್ಕಂಡು ಬಟನ್ ಒತ್ತೋರು. ತಪ್ಪಾದ್ರೆ ಕಟ್ಟು ಬಿಚ್ದೆ ಮೊದಲಿಂದ. ಸಾಕು ಬನ್ನಿ ಉಣ್ಣಕೆ ಅಂತ ನಾನು ರೇಗ್ತಿದ್ದೆ."

ಜಾಕಿಯಾ ಕೈ ಚಾಚಿದಳು. ರೂಪ ಆ ಕೈ ಹಿಡಿದುಕೊಂಡು, ಅಷ್ಟು ದಿನ ತಡೆದಿದ್ದವಳಂತೆ ಅತ್ತಳು. ಅಸದುಲ್ಲಾ ಎದ್ದು ಬೀದಿಯಲ್ಲಿ ಹೋಗಿ ನಿಂತ.

ರಾಜೇಂದ್ರ ಸಾಫ್ಟ್‌ವೇರಿನವರಿಗೆ ಬರೆದರು. ಮುಂದಿನ ಆವೃತ್ತಿಯಲ್ಲಿ ಬಟನ್‌ಗಳಿಗೆ ಹೆಸರು ಬರುತ್ತದೆ ಎಂಬ ಉತ್ತರ ಬಂತು. ಆವೃತ್ತಿಗಳು ಬಂದವು, ಹೆಸರು ಬರಲಿಲ್ಲ. ಜಾಕಿಯಾಳನ್ನು ಮುಂಬಾಗಿಲ ಹತ್ತಿರದ ಫೋನಿಗೆ ಕೂರಿಸಿದರು. ಸಂಬಳಕ್ಕೇನೂ ಕೊರತೆಯಿಲ್ಲ. ನಿಮಗೆ ಆರಾಮಾಯಿತು ಎಂದು ಕೆಲವರು ನಿಜವಾದ ಅಕ್ಕರೆಯಿಂದಲೇ ಹೇಳುತ್ತಾರೆ. ಗೇಟ್ ಪಾಸಿನ ವಿಷಯಕ್ಕೆ ಯಾರಾದರೂ ಫೋನು ಮಾಡಿದರೆ, ಒಂದು ನಿಮಿಷ ಇರಿ ಎಂದು ಅವಳು ಆ ವಿಭಾಗಕ್ಕೆ ದಾಟಿಸುತ್ತಾಳೆ.

ಪಾಳಿ ಬಿಟ್ಟಾಗ ನೂರಾರು ಹೆಂಗಸರು ಅವಳ ಮುಂದೆ ಹಾದುಹೋಗುತ್ತಾರೆ. ಅವರಲ್ಲಿ ಸಣ್ಣತಾಯಮ್ಮ ಇದ್ದಾಳೋ, ಕೆಲಸ ಬಿಟ್ಟಳೋ ಜಾಕಿಯಾಗೆ ಗೊತ್ತಿಲ್ಲ. ಯಾರನ್ನಾದರೂ ಕೇಳಬಹುದು. ಕೇಳಿಲ್ಲ.